ಚಲನವಿಲ್ಲದ ಸ್ಮೃತಿಕೋಶ: ವಿಷಮಸ್ಥಳಗಳಲ್ಲಿ ಗಣಕಯಂತ್ರದ ಲೇಖನರಕ್ಷಣೆ

೧

ಗಣಕಯಂತ್ರವು ಎಣಿಸುವುದರಲ್ಲಿ ಎಷ್ಟೇ ಚುರುಕಾಗಿದ್ದರೂ ಎಣಿಸಿದುದನ್ನು ಬರೆದಿಟ್ಟುಕೊಳ್ಳುವ ಕೋಶವೊಂದು ಅದಕ್ಕೆ ಬೇಕು. ಇದನ್ನು ಈ ಲೇಖನದಲ್ಲಿ ಸ್ಮೃತಿಕೋಶವೆಂದು ಕರೆದಿದೆ. ಮನೆಯ ಮೇಜಿನ ಮೇಲಿರುವ ಯಂತ್ರದ ಸ್ಮೃತಿಕೋಶಕ್ಕೆ ದೊಡ್ಡ ಕಷ್ಟಗಳೇನೂ ಇಲ್ಲ. ಉಕ್ಕಿನ ಕುಲುಮೆಯ ಬಳಿಯ ಯಂತ್ರ, ರೈಲಿನ ಎಂಜಿನು, ತೈಲದ ಬಾವಿ, ಯುದ್ಧವಿಮಾನ, ಅಂತರಿಕ್ಷನೌಕೆ ಇವುಗಳಲ್ಲಿರುವ ಸ್ಮೃತಿಕೋಶದ ಪಾಡು ಬೇರೆ. ಅಲ್ಲಿ ಸೆಖೆ, ಶೈತ್ಯ, ಧೂಳು, ಕುಲುಕಾಟ, ವಿಕಿರಣ ಇವುಗಳಲ್ಲಿ ಒಂದಲ್ಲ ಒಂದು ಹಗಲಿರುಳೂ ಅದನ್ನು ಕಾಡುತ್ತಿರುತ್ತದೆ. ಇಂಥ ಸ್ಥಳಗಳಿಗಾಗಿ ಈಗ ಮಾಡುವ ಸಾಲಿಡ್ ಸ್ಟೇಟ್ ಡ್ರೈವುಗಳು ಸಾಮಾನ್ಯವಾಗಿ ಸೊನ್ನೆಗಿಂತ ೪೦ ಡಿಗ್ರಿ ಸೆಲ್ಸಿಯಸ್ ಕೆಳಗಿನಿಂದ ೮೫ ಡಿಗ್ರಿಯವರೆಗೆ ಕೆಲಸಮಾಡತಕ್ಕವು. ಸಾಲಿಡ್ ಸ್ಟೇಟ್ ಎಂದರೆ ಘನಸ್ಥಿತಿ. ತಿರುಗುವ ತಟ್ಟೆ, ಸುತ್ತುವ ಪಟ್ಟಿ ಯಾವುದೂ ಇಲ್ಲದೆ ಘನಪದಾರ್ಥದೊಳಗಿನ ವಿದ್ಯುತ್ತಿನಿಂದಲೇ ಬರೆಹವನ್ನು ಹಿಡಿದಿಡುವುದೆಂದು ಅರ್ಥ.

ಇವುಗಳ ವಿಷಯದಲ್ಲಿ ಬಳಕೆಯಲ್ಲಿರುವ ಅಭಿಪ್ರಾಯವು ಹೀಗಿದೆ: ಚಲಿಸುವ ಅಂಗಗಳಿಲ್ಲವಾದುದರಿಂದ ಇವು ಕೆಡುವುದಕ್ಕೆ ಕಾರಣವಿಲ್ಲ, ಹಳೆಯ ಟೇಪು ಡಿಸ್ಕುಗಳು ಹಸ್ತಪ್ರತಿಯಂತೆ ನಾಜೂಕಾದವು, ಇವು ಶಿಲಾಶಾಸನದಂತೆ ಗಟ್ಟಿಯಾದವು. ಈ ಅಭಿಪ್ರಾಯದಲ್ಲಿ ಅರ್ಧ ಸತ್ಯವುಂಟು. ಉಳಿದ ಅರ್ಧವನ್ನು ಚರಿತ್ರೆಯೇ ತಿದ್ದುತ್ತದೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ವಿಷಮಸ್ಥಳಗಳಿಗೆ ಹೋದ ಸ್ಮೃತಿಕೋಶಗಳ ವೃತ್ತಾಂತವನ್ನು ಕ್ರಮವಾಗಿ ನೋಡಿದರೆ, ಒಂದೊಂದು ಹೊಸ ದ್ರವ್ಯವೂ ಹಳೆಯ ಶತ್ರುವೊಂದನ್ನು ಕಳೆದು ಹೊಸ ಶತ್ರುವೊಂದನ್ನು ತಂದಿತೆಂಬುದೂ, ಬರೆಹವು ಉಳಿದುದು ದ್ರವ್ಯದ ಗಟ್ಟಿತನದಷ್ಟೇ ಅದನ್ನು ಪರೀಕ್ಷಿಸಿ, ತಿದ್ದಿ, ಮತ್ತೆ ಬರೆಯುವ ಏರ್ಪಾಟಿನಿಂದಲೂ ಎಂಬುದೂ ತೋರಿಬರುತ್ತದೆ. ಹಸ್ತಪ್ರತಿಗಳನ್ನು ಈ ಕೋಶಗಳಿಗೆ ಒಪ್ಪಿಸುತ್ತಿರುವ ನಮಗೆ ಈ ವಿಚಾರವು ಅನ್ಯರದೆಂದು ಬಿಡತಕ್ಕುದಲ್ಲ.

೨

ಮೊದಲು ಚಲಿಸುವ ಅಂಗಗಳ ತೊಡಕನ್ನು ತಿಳಿಯಬೇಕು. ೧೯೫೬ರಲ್ಲಿ ಐಬಿಎಂ ಸಂಸ್ಥೆಯವರು ಹೊರತಂದ ಮೊದಲ ಡಿಸ್ಕು ಸ್ಮೃತಿಕೋಶದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು. ಮುಂದೆ ತಟ್ಟೆಗಳು ಅಂಗೈಯಗಲಕ್ಕೆ ಇಳಿದುವು, ಬರೆಹವು ಸಾವಿರಾರು ಮಡಿ ಒತ್ತಾಯಿತು; ಆದರೆ ತತ್ತ್ವವು ಬದಲಾಗಲಿಲ್ಲ. ತಟ್ಟೆಯು ವೇಗವಾಗಿ ತಿರುಗುವಾಗ ಅದರ ಜೊತೆಯಲ್ಲಿ ಎಳೆದೊಯ್ಯಲ್ಪಡುವ ಗಾಳಿಯ ಅತಿ ತೆಳುವಾದ ಪದರದ ಮೇಲೆ ಓದುವ ಮೊನೆಯು ತೇಲುತ್ತಿರುತ್ತದೆ. ಕುಲುಕಾಟದಿಂದ ಮೊನೆಯು ತಟ್ಟೆಯನ್ನು ತಾಕಿದರೆ ಬರೆಹವು ಕೆರೆದುಹೋಗುತ್ತದೆ. ಗಾಳಿಯು ತೆಳುವಾದ ಎತ್ತರದ ಸ್ಥಳಗಳಲ್ಲಿ ಮೊನೆಗೆ ಆಧಾರವೇ ತಗ್ಗುತ್ತದೆ; ಆದುದರಿಂದಲೇ ಸಾಮಾನ್ಯ ಡಿಸ್ಕುಗಳನ್ನು ಸುಮಾರು ೩,೦೦೦ ಮೀಟರುಗಳಿಗೆ ಮೇಲ್ಪಟ್ಟ ಎತ್ತರದಲ್ಲಿ ನಡೆಸಬಾರದೆಂದು ತಯಾರಕರು ನಿಯಮಿಸುತ್ತಿದ್ದರು. ಹಿಮಾಲಯದ ಠಾಣೆಗಳಿಗೂ ಗಾಳಿಯೇ ಇಲ್ಲದ ಅಂತರಿಕ್ಷಕ್ಕೂ ಇಂಥ ಯಂತ್ರವು ಹೊಂದುವುದಿಲ್ಲವೆಂಬುದು ಸ್ಪಷ್ಟವಾಗಿದೆ.

ಚಲನವಿಲ್ಲದ ಸ್ಮೃತಿಕೋಶವು ಡಿಸ್ಕಿನ ತರುವಾಯ ಹುಟ್ಟಿತೆಂದು ಹಲವರು ತಿಳಿದಿರುವರು. ವಾಸ್ತವವಾಗಿ ಅದು ಡಿಸ್ಕಿಗಿಂತ ಹಿರಿದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಜೇ ಫಾರೆಸ್ಟರನು ವರ್ಲ್‌ವಿಂಡ್ ಎಂಬ ಗಣಕಯಂತ್ರಕ್ಕೆ ೧೯೫೩ರಲ್ಲಿ ಚಿಕ್ಕ ಚಿಕ್ಕ ಕಾಂತದ ಬಳೆಗಳ ಸ್ಮೃತಿಕೋಶವನ್ನು ಅಳವಡಿಸಿದನು. ಬಳೆಯೊಂದನ್ನು ಒಂದು ದಿಕ್ಕಿಗೆ ಕಾಂತಗೊಳಿಸಿದರೆ ಒಂದು, ಎದುರು ದಿಕ್ಕಿಗೆ ಕಾಂತಗೊಳಿಸಿದರೆ ಸೊನ್ನೆ. ವಿದ್ಯುತ್ತು ನಿಂತರೂ ಬರೆಹವು ಅಳಿಯದು. ಆದರೆ ಈ ಬಳೆಗಳಿಗೆ ಒಂದು ವಿಚಿತ್ರ ಸ್ವಭಾವವುಂಟು. ಬಳೆಯಲ್ಲಿ ಏನಿದೆಯೆಂದು ಓದಬೇಕಾದರೆ ಅದನ್ನು ಸೊನ್ನೆಯ ಕಡೆಗೆ ತಿರುಗಿಸಿ ನೋಡಬೇಕು. ಓದುವುದೆಂದರೆ ಅಳಿಸುವುದೇ ಸರಿ. ಆದುದರಿಂದ ಪ್ರತಿಯೊಂದು ಸಲವೂ ಓದಿದೊಡನೆಯೇ ಅದನ್ನು ಅದೇ ಸ್ಥಳದಲ್ಲಿ ಮತ್ತೆ ಬರೆಯುವ ವ್ಯವಸ್ಥೆಯನ್ನು ಯಂತ್ರದಲ್ಲಿಯೇ ಇಟ್ಟಿದ್ದರು. ಅಚಲವಾದ ಸ್ಮೃತಿಯ ಮೊದಲನೆಯ ಅಧ್ಯಾಯದಲ್ಲಿಯೇ ಪ್ರತಿಮಾಡುವ ಕಾರ್ಯವು ಸೇರಿಕೊಂಡಿದ್ದುದನ್ನು ಇಲ್ಲಿ ಗಮನಿಸಬೇಕು.

ಇದೇ ಬಳೆಗಳಿಂದ ಇನ್ನೊಂದು ಬಗೆಯ ಕೋಶವೂ ಹುಟ್ಟಿತು. ಚಂದ್ರಯಾತ್ರೆಯ ಅಪೋಲೋ ನೌಕೆಯ ಮಾರ್ಗದರ್ಶಕ ಯಂತ್ರಕ್ಕೆ ಬೇಕಾದ ಆಜ್ಞಾವಳಿಯನ್ನು ತಂತಿಯಲ್ಲಿ ನೆಯ್ದಿದ್ದರು. ತಂತಿಯು ಬಳೆಯ ಒಳಗೆ ಹಾಯ್ದರೆ ಒಂದು, ಹೊರಗೆ ಹಾಯ್ದರೆ ಸೊನ್ನೆ. ೫೧೨ ಬಳೆಗಳ ಒಂದೊಂದು ಪೆಟ್ಟಿಗೆಯಲ್ಲಿ ೬,೧೪೪ ಪದಗಳು. ಇಂಥ ಆರು ಪೆಟ್ಟಿಗೆಗಳಲ್ಲಿ ಒಟ್ಟು ೩೬,೮೬೪ ಪದಗಳು. ಅಮೆರಿಕದ ವಾಲ್ಥಮ್ ಎಂಬ ಊರಿನಲ್ಲಿದ್ದ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಸೂಜಿ ಹಿಡಿದು ಈ ನೆಯ್ಗೆಯನ್ನು ಮಾಡಿದರು. ನೆಯ್ದ ಮೇಲೆ ತಿದ್ದುವಂತಿಲ್ಲವಾದುದರಿಂದ ಉಡ್ಡಯನಕ್ಕೆ ಎಷ್ಟೋ ತಿಂಗಳು ಮೊದಲೇ ಆಜ್ಞಾವಳಿಯನ್ನು ಮುಗಿಸಿ ಒಪ್ಪಿಸಬೇಕಾಗಿತ್ತು. ಈ ಕಷ್ಟಕ್ಕೆ ಬಂದ ಪ್ರತಿಫಲವು ೧೯೬೯ರ ನವೆಂಬರ್ ೧೪ರಂದು ಕಂಡುಬಂತು. ಆ ದಿನ ಮಳೆಯ ಮೋಡಗಳ ನಡುವೆ ಏರಿದ ಅಪೋಲೋ ೧೨ಕ್ಕೆ ಹೊರಟ ಒಂದು ನಿಮಿಷದೊಳಗೆ ಎರಡು ಸಲ ಸಿಡಿಲು ಬಡಿಯಿತು. ನೌಕೆಯ ದಿಕ್ಕನ್ನು ತಿಳಿಸುವ ಉಪಕರಣವು ತನ್ನ ನೆಲೆಯನ್ನು ತಪ್ಪಿತು. ನೆಯ್ದ ಆಜ್ಞಾವಳಿಯು ಮಾತ್ರ ಕೆಡಲಿಲ್ಲ. ಯಾತ್ರಿಕರು ದಿಕ್ಕನ್ನು ಸರಿಪಡಿಸಿಕೊಂಡು ಚಂದ್ರನ ಮೇಲಿಳಿದು ಮರಳಿದರು.

ಶಿಲಾಶಾಸನಕ್ಕೆ ಹೋಲಿಸತಕ್ಕ ಸ್ಮೃತಿಕೋಶವು ಯಾವುದಾದರೂ ಇದ್ದರೆ ಅದು ಇದೇ. ಕೊರೆದುದು ಉಳಿಯುತ್ತದೆ, ಆದರೆ ಹೊಸದನ್ನು ಕೊರೆಯುವಂತಿಲ್ಲ. ಪ್ರತಿದಿನವೂ ಹೊಸ ವೃತ್ತಾಂತವನ್ನು ಬರೆಯಬೇಕಾದ ಯಂತ್ರಕ್ಕೆ ಶಾಸನವು ಸಾಲದು.

೩

ಅಂತರಿಕ್ಷನೌಕೆಗಳು ಚಿತ್ರಗಳನ್ನೂ ಅಳತೆಗಳನ್ನೂ ರಾಶಿರಾಶಿಯಾಗಿ ಸಂಗ್ರಹಿಸತೊಡಗಿದಾಗ ಕಾಂತದ ಬಳೆಗಳು ಅವನ್ನು ಹಿಡಿಸಲಾರದೆ ಹೋದುವು. ಆಗ ಟೇಪಿನ ಸುರುಳಿಗಳೇ ಗತಿಯಾದುವು. ಟೇಪಿನ ಮೇಲೆ ಒಂದು ಯಾತ್ರೆಯ ಅದೃಷ್ಟವೆಲ್ಲವೂ ಹೇಗೆ ನಿಲ್ಲುತ್ತಿತ್ತೆಂಬುದಕ್ಕೆ ಗೆಲಿಲಿಯೋ ನೌಕೆಯ ಕಥೆಯು ಸಾಕ್ಷಿ. ೧೯೮೯ರಲ್ಲಿ ಗುರುಗ್ರಹಕ್ಕೆ ಹೊರಟ ಈ ನೌಕೆಯ ದೊಡ್ಡ ಆಂಟೆನಾ ೧೯೯೧ರಲ್ಲಿ ತೆರೆದುಕೊಳ್ಳದೆ ಹೋಯಿತು. ಚಿಕ್ಕ ಆಂಟೆನಾದಿಂದ ಸಂದೇಶವು ಬಹು ನಿಧಾನವಾಗಿ ಹರಿಯುತ್ತಿದ್ದುದರಿಂದ, ಕಂಡುದನ್ನೆಲ್ಲ ಟೇಪಿನಲ್ಲಿ ಬರೆದಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕಳುಹಿಸುವುದೊಂದೇ ಉಪಾಯವಾಗಿ ಉಳಿಯಿತು. ೧೯೯೫ರ ಅಕ್ಟೋಬರ್ ೧೧ರಂದು, ಗ್ರಹವನ್ನು ಸೇರುವುದಕ್ಕೆ ಎರಡು ತಿಂಗಳೂ ಇಲ್ಲದಿರುವಾಗ, ಆ ಟೇಪು ಹಿಂದಕ್ಕೆ ಸುತ್ತುತ್ತ ಸಿಕ್ಕಿಕೊಂಡಿತು. ಯಂತ್ರವು ಸುಮಾರು ಹದಿನೈದು ಗಂಟೆಗಳ ಕಾಲ ಒಂದೇ ಸ್ಥಳವನ್ನು ಉಜ್ಜುತ್ತಿತ್ತು. ಸವೆದಿರಬಹುದಾದ ಭಾಗವನ್ನು ಇನ್ನು ಮುಟ್ಟಬಾರದೆಂದು ಭೂಮಿಯ ಮೇಲಿನವರು ನಿರ್ಧರಿಸಿ, ಅದರ ಮೇಲೆ ಟೇಪನ್ನು ಇಪ್ಪತ್ತೈದು ಸುತ್ತು ಹೆಚ್ಚಾಗಿ ಸುತ್ತಿಸಿ ಹೂತಿಟ್ಟರು. ಗ್ರಹದ ವಾತಾವರಣದೊಳಗೆ ಇಳಿಯುವ ಶೋಧಕದ ಅಳತೆಗಳನ್ನು ಕಾಪಾಡುವ ಸಲುವಾಗಿ ಡಿಸೆಂಬರ್ ೭ರಂದು ಐಓ ಉಪಗ್ರಹದ ಚಿತ್ರಗಳನ್ನು ತೆಗೆಯುವ ಆಸೆಯನ್ನು ಬಿಡಬೇಕಾಯಿತು.

ಇದೇ ನೌಕೆಯ ಕೊನೆಯ ದಿನಗಳಲ್ಲಿ ಎರಡನೆಯ ಪಾಠವೂ ದೊರೆಯಿತು. ೨೦೦೨ರ ನವೆಂಬರಿನಲ್ಲಿ ಅಮಾಲ್ತಿಯಾ ಉಪಗ್ರಹದ ಬಳಿ ಹಾಯ್ದ ಮೇಲೆ ಟೇಪು ಮತ್ತೆ ನಿಂತಿತು. ಈ ಸಲ ದೋಷವು ಟೇಪಿನದಾಗಿರಲಿಲ್ಲ. ಸುರುಳಿಯನ್ನು ನಡೆಸುವ ವಿದ್ಯುದಂಗದಲ್ಲಿದ್ದ, ಬೆಳಕನ್ನು ಬೀರುವ ಚಿಕ್ಕ ಘನಸ್ಥಿತಿಯ ಭಾಗವೊಂದು ಗುರುಗ್ರಹದ ವಿಕಿರಣದಿಂದ ಮಂಕಾಗಿತ್ತು. ಅದರ ಮೂಲಕ ಗಂಟೆಗಟ್ಟಲೆ ವಿದ್ಯುತ್ತನ್ನು ಹರಿಸಿ ಅದನ್ನು ಚೇತರಿಸಿಕೊಳ್ಳುವಂತೆ ಮಾಡಿ ಬರೆಹವನ್ನು ಓದಿದರು. ಚಲಿಸುವ ಅಂಗವು ಒಂದು ಸಲ ಕೈಕೊಟ್ಟರೆ, ಚಲಿಸದ ಅಂಗವು ಇನ್ನೊಂದು ಸಲ ಕೈಕೊಟ್ಟಿತು.

ಈ ವೇಳೆಗಾಗಲೇ ಟೇಪಿನ ಯುಗವು ಮುಗಿಯುತ್ತಲಿತ್ತು. ೧೯೯೦ರಲ್ಲಿ ಮೇಲೇರಿದ ಹಬಲ್ ದೂರದರ್ಶಕದಲ್ಲಿ ಮೂರು ಟೇಪುಯಂತ್ರಗಳಿದ್ದುವು. ೧೯೯೭ರ ಫೆಬ್ರವರಿಯಲ್ಲಿ ಯಾತ್ರಿಕರು ಹೋಗಿ ಅವುಗಳಲ್ಲಿ ಒಂದನ್ನು ತೆಗೆದು ಘನಸ್ಥಿತಿಯ ಸ್ಮೃತಿಕೋಶವನ್ನು ಇಟ್ಟರು. ೧೯೯೯ರ ಡಿಸೆಂಬರಿನಲ್ಲಿ ಇನ್ನೊಂದನ್ನು ಬದಲಾಯಿಸಿದರು. ಹಳೆಯದು ಸುಮಾರು ೧೨೦ ಕೋಟಿ ಬಿಟ್‌ಗಳನ್ನು ಹಿಡಿಯುತ್ತಿದ್ದರೆ ಹೊಸದು ೧,೨೦೦ ಕೋಟಿಯನ್ನು ಹಿಡಿಯುತ್ತಿತ್ತು. ಬಿಟ್ ಎಂದರೆ ಒಂದು ಅಥವಾ ಸೊನ್ನೆ, ಬರೆಹದ ಅತ್ಯಂತ ಚಿಕ್ಕ ಅಂಶ. ನಮ್ಮ ದೇಶದಲ್ಲಿಯೂ ಇದೇ ಮಾರ್ಪಾಡು ಬೆಂಗಳೂರಿನಲ್ಲಿ ನಡೆಯಿತು. ಅಲ್ಲಿಯ ಇಸ್ರೋ ಉಪಗ್ರಹ ಕೇಂದ್ರದಲ್ಲಿ ನಿರ್ಮಿತವಾಗಿ ೧೯೯೫ರ ಡಿಸೆಂಬರಿನಲ್ಲಿ ಮೇಲೇರಿದ ಐಆರ್‌ಎಸ್-೧ಸಿ ಉಪಗ್ರಹದಲ್ಲಿ ೬,೨೦೦ ಕೋಟಿ ಬಿಟ್‌ಗಳ ಟೇಪುಯಂತ್ರವಿತ್ತು. ೨೦೦೩ರ ಅಕ್ಟೋಬರಿನಲ್ಲಿ ಮೇಲೇರಿದ ರಿಸೋರ್ಸ್‌ಸ್ಯಾಟ್-೧ರಲ್ಲಿ ಅದರ ಸ್ಥಾನದಲ್ಲಿ ೧೨,೦೦೦ ಕೋಟಿ ಬಿಟ್‌ಗಳ ಘನಸ್ಥಿತಿಯ ಕೋಶವಿತ್ತು. ಈ ಕೇಂದ್ರಕ್ಕೆ ೨೦೧೮ರಲ್ಲಿ ಯು. ಆರ್. ರಾವ್ ಅವರ ಹೆಸರನ್ನು ಇಟ್ಟಿದ್ದಾರೆ.

೪

ಇಂದಿನ ಗಟ್ಟಿ ಡ್ರೈವುಗಳಿಗೆ ಆಧಾರವಾದ ಫ್ಲ್ಯಾಶ್ ಎಂಬ ಜಾತಿಯು ಹುಟ್ಟಿದುದು ಜಪಾನಿನ ತೋಶಿಬಾ ಸಂಸ್ಥೆಯಲ್ಲಿ. ಫುಜಿಯೋ ಮಸುವೋಕಾ ಇದನ್ನು ೧೯೮೪ರಲ್ಲಿ ವಿದ್ವತ್ಸಭೆಯೊಂದರಲ್ಲಿ ಪ್ರಕಟಿಸಿದನು. ಇದರ ಬೀಜವು ಇನ್ನೂ ಹಿಂದಿನದು. ೧೯೬೭ರಲ್ಲಿ ಬೆಲ್ ಪ್ರಯೋಗಶಾಲೆಯ ಡಾವನ್ ಕಾಂಗ್, ಸೈಮನ್ ಜೇ ಇವರಿಬ್ಬರು, ಸುತ್ತಲೂ ವಿದ್ಯುದ್ರೋಧಕದಿಂದ ಮುಚ್ಚಿದ ಒಂದು ಸಣ್ಣ ಕೋಣೆಯಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಅವು ಹೊರಬರಲಾರದೆ ಅಲ್ಲಿಯೇ ಉಳಿಯುತ್ತವೆಂದು ತೋರಿಸಿದ್ದರು. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯ ಡಾವ್ ಫ್ರೋಮನ್ ಈ ತತ್ತ್ವದಿಂದ ಬರೆಯುವ ಕೋಶವನ್ನು ಮಾಡಿದನು. ಆದರೆ ಅದನ್ನು ಅಳಿಸಬೇಕಾದರೆ ನೇರಳಾತೀತ ಕಿರಣಕ್ಕೆ ಒಡ್ಡಬೇಕಾಗಿತ್ತು. ಮಸುವೋಕಾ ಮಾಡಿದುದೇನೆಂದರೆ, ಯಂತ್ರದಲ್ಲಿಯೇ ಇಟ್ಟುಕೊಂಡು ವಿದ್ಯುತ್ತಿನಿಂದ ಒಂದು ಭಾಗವನ್ನೇ ಒಟ್ಟಿಗೆ ಕ್ಷಣಮಾತ್ರದಲ್ಲಿ ಅಳಿಸುವಂತೆ ಮಾಡಿದುದು. ಕ್ಯಾಮರಾದ ಮಿಂಚಿನಂತೆ ಅಳಿಯುವುದರಿಂದ ಆ ಹೆಸರು ಬಂತು.

ಕನ್ನಡ ನಾಡಿನ ಹಳೆಯ ಲೇಖನಸಾಮಗ್ರಿಗಳಲ್ಲಿ ಇದಕ್ಕೆ ಹತ್ತಿರವಾದುದು ಓಲೆಯೂ ಅಲ್ಲ, ಶಿಲೆಯೂ ಅಲ್ಲ, ಕಡತ. ಇದ್ದಲಿನ ಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಒರಸಿ, ಮತ್ತೆ ಬರೆಯುತ್ತಿದ್ದರಷ್ಟೆ. ಗಣಕಯಂತ್ರದ ಬರೆಹದ ಕಟ್ಟಿಗೂ ಈಗ ಕನ್ನಡದಲ್ಲಿ ಕಡತವೆಂಬ ಹೆಸರೇ ರೂಢಿಯಾಗಿರುವುದು ಉಚಿತವಾಗಿದೆ. ಒರಸಿ ಬರೆಯುವ ಅನುಕೂಲಕ್ಕೆ ಸವೆತವೆಂಬ ಬೆಲೆಯನ್ನು ತೆರಬೇಕು. ಫ್ಲ್ಯಾಶ್ ಕೋಶದಲ್ಲಿಯೂ ಪ್ರತಿಯೊಂದು ಸಲ ಅಳಿಸುವಾಗ ಎಲೆಕ್ಟ್ರಾನುಗಳನ್ನು ರೋಧಕದ ಪೊರೆಯ ಮೂಲಕ ಬಲಾತ್ಕಾರದಿಂದ ಎಳೆಯಬೇಕು. ಆ ಪೊರೆಯು ಸ್ವಲ್ಪಸ್ವಲ್ಪವಾಗಿ ಜರ್ಝರಿತವಾಗುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ಟನ್ನು ಬರೆಯುವ ಜಾತಿಯು ಒಂದು ಲಕ್ಷದಷ್ಟು ಸಲ ಅಳಿಸುವುದನ್ನು ತಡೆಯಬಲ್ಲುದು. ಒಂದೇ ಕೋಶದಲ್ಲಿ ಮೂರು ಬಿಟ್‌ಗಳನ್ನು ತುರುಕುವ ಅಗ್ಗದ ಜಾತಿಯು ಕೆಲವು ಸಾವಿರ ಸಲಕ್ಕೆ ದಣಿಯುತ್ತದೆ. ಒಂದೇ ಪುಟವು ಸವೆಯದಿರಲೆಂದು ಡ್ರೈವಿನೊಳಗಿನ ನಿಯಾಮಕವು ಬರೆಹವನ್ನು ಸರದಿಯಂತೆ ಬೇರೆ ಬೇರೆ ಪುಟಗಳಿಗೆ ಹಂಚುತ್ತಿರುತ್ತದೆ. ಕಾರ್ಖಾನೆಗಳಿಗೂ ಸೈನ್ಯಕ್ಕೂ ಮಾಡುವ ಡ್ರೈವುಗಳಲ್ಲಿ ಒಂದು ಬಿಟ್ಟಿನ ಜಾತಿಯನ್ನು ಬಹುಕಾಲ ಮೆಚ್ಚಿ ಬಳಸಿದುದಕ್ಕೆ ಇದೇ ಕಾರಣ. ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ ಅರ್ಧ ಬರೆದ ಪುಟವು ಕೆಡುವುದರಿಂದ, ಕೊನೆಯ ಸಾಲನ್ನು ಮುಗಿಸುವಷ್ಟು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳನ್ನೂ ಇಂಥ ಹಲವು ಡ್ರೈವುಗಳಲ್ಲಿ ಇಡುತ್ತಾರೆ.

೧೯೯೧ರಲ್ಲಿ ಸನ್‌ಡಿಸ್ಕ್ ಸಂಸ್ಥೆಯು ಐಬಿಎಂ ಸಂಸ್ಥೆಗೆ ಒದಗಿಸಿದ ಫ್ಲ್ಯಾಶ್ ಡ್ರೈವು ೨೦ ಮೆಗಾಬೈಟಿನದು. ಬೆಲೆ ಸುಮಾರು ಸಾವಿರ ಡಾಲರು. ಅಷ್ಟು ದುಡ್ಡನ್ನು ಕೊಡುವವರು ಬೇರೆ ದಾರಿಯಿಲ್ಲದವರೇ. ೧೯೯೫ರಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್ ಸಂಸ್ಥೆಯು ತನ್ನ ಫ್ಲ್ಯಾಶ್ ಡ್ರೈವುಗಳನ್ನು ಸೈನ್ಯಕ್ಕೂ ವಿಮಾನಗಳಿಗೂ ಒದಗಿಸತೊಡಗಿತು. ಆಘಾತ, ಕುಲುಕಾಟ, ಎತ್ತರ ಈ ಮೂರು ಹಳೆಯ ಶತ್ರುಗಳ ವಿಷಯದಲ್ಲಿ ಈ ಹೊಸ ಕೋಶವು ಗೆದ್ದಿತೆಂಬುದರಲ್ಲಿ ಸಂದೇಹವಿಲ್ಲ.

೫

ಇನ್ನು ಹೊಸ ಶತ್ರುಗಳ ವಿಚಾರ. ಇವುಗಳಲ್ಲಿ ಮೊದಲನೆಯದು ಕಣ್ಣಿಗೆ ಕಾಣದ ವಿಕಿರಣ. ೧೯೭೮ರಲ್ಲಿ ಇಂಟೆಲ್ ಸಂಸ್ಥೆಯ ತಿಮೊಥಿ ಮೇ, ಮರ್ರೆ ವುಡ್ಸ್ ಇವರು, ಕೋಶಗಳನ್ನು ಮುಚ್ಚಿದ ಹೊದಿಕೆಯಲ್ಲಿಯೇ ಇದ್ದ ಯುರೇನಿಯಂ ಥೋರಿಯಂಗಳ ಲೇಶವು ಹೊರಡಿಸುವ ಕಣಗಳು ಸ್ಮೃತಿಯ ಬಿಟ್‌ಗಳನ್ನು ತಿರುಗಿಸುತ್ತವೆಂದು ತೋರಿಸಿದರು. ಅಂತರಿಕ್ಷದಲ್ಲಿ ಇಂಥ ಕಣಗಳು ಇನ್ನೂ ಹೆಚ್ಚು. ಕೋಶವು ಒಡೆಯುವುದಿಲ್ಲ, ಸುಡುವುದಿಲ್ಲ. ಒಂದು ಬಿಟ್ಟು ಮಾತ್ರ ಬದಲಾಗುತ್ತದೆ. ಲಿಪಿಕಾರನ ಕೈತಪ್ಪಿನಂತೆ ಇದು ಸದ್ದಿಲ್ಲದೆ ಪಾಠವನ್ನು ಕೆಡಿಸುತ್ತದೆ.

ಇದಕ್ಕೆ ಪರಿಹಾರವನ್ನು ರಿಚರ್ಡ್ ಹ್ಯಾಮಿಂಗನು ೧೯೫೦ರಲ್ಲಿಯೇ ಪ್ರಕಟಿಸಿದ್ದನು. ಬೆಲ್ ಪ್ರಯೋಗಶಾಲೆಯಲ್ಲಿ ವಾರದ ಕೊನೆಯಲ್ಲಿ ಅವನು ಒಪ್ಪಿಸಿಹೋದ ಲೆಕ್ಕಗಳನ್ನು ಯಂತ್ರವು ಯಾವುದೋ ದೋಷವನ್ನು ಕಂಡು ನಡುವೆಯೇ ಬಿಟ್ಟುಬಿಡುತ್ತಿತ್ತು. ದೋಷವುಂಟೆಂದು ತಿಳಿಯಬಲ್ಲ ಯಂತ್ರವು ಅದು ಎಲ್ಲಿದೆಯೆಂದು ತಿಳಿದು ತಾನೇ ಏಕೆ ತಿದ್ದಬಾರದೆಂದು ಅವನು ಆಲೋಚಿಸಿದನು. ಅವನ ಉಪಾಯವನ್ನು ನಮ್ಮ ಛಂದಸ್ಸನ್ನು ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಕಂದಪದ್ಯದ ಒಂದನೆಯ ಮೂರನೆಯ ಪಾದಗಳಲ್ಲಿ ೧೨ ಮಾತ್ರೆಗಳೂ, ಎರಡನೆಯ ನಾಲ್ಕನೆಯ ಪಾದಗಳಲ್ಲಿ ೨೦ ಮಾತ್ರೆಗಳೂ ಇರಬೇಕು. ಪಾದವೊಂದರಲ್ಲಿ ೧೯ ಮಾತ್ರೆಗಳು ಕಂಡರೆ ಅಲ್ಲಿ ಲೇಖಕಸ್ಖಲನವುಂಟೆಂದು ಸಂಪಾದಕನಿಗೆ ಗೊತ್ತಾಗುತ್ತದೆ. ಎಲ್ಲಿಯೆಂಬುದು ಮಾತ್ರ ಅಷ್ಟರಿಂದಲೇ ಗೊತ್ತಾಗದು. ಗಣದ ವಿಭಾಗ, ಆದಿಪ್ರಾಸ, ಅನ್ವಯ ಇವುಗಳನ್ನೂ ಕೂಡಿಸಿ ನೋಡಿದರೆ ತಪ್ಪಿನ ಸ್ಥಾನವು ಕಿರಿದಾಗುತ್ತ ಬರುತ್ತದೆ. ಹ್ಯಾಮಿಂಗನು ಮಾಡಿದುದೂ ಇದೇ. ನಾಲ್ಕು ಬಿಟ್‌ಗಳ ಬರೆಹಕ್ಕೆ ಮೂರು ಪರೀಕ್ಷೆಯ ಬಿಟ್‌ಗಳನ್ನು ಸೇರಿಸಿದನು. ಒಂದೊಂದು ಪರೀಕ್ಷೆಯೂ ಬೇರೆ ಬೇರೆ ಬಿಟ್‌ಗಳ ಗುಂಪನ್ನು ಎಣಿಸುತ್ತದೆ. ಯಾವ ಯಾವ ಎಣಿಕೆ ತಪ್ಪಿತೆಂಬುದರಿಂದಲೇ ಏಳರಲ್ಲಿ ಯಾವ ಬಿಟ್ಟು ಕೆಟ್ಟಿತೆಂಬುದು ಗೊತ್ತಾಗುತ್ತದೆ. ಬರೆಹದಲ್ಲಿ ಎರಡೇ ಅಕ್ಷರಗಳಿರುವುದರಿಂದ, ಕೆಟ್ಟ ಸ್ಥಾನವು ತಿಳಿದರೆ ಸರಿಯಾದ ಪಾಠವೂ ತಿಳಿದಂತೆಯೇ. ಈ ಅಂಶದಲ್ಲಿ ಯಂತ್ರದ ಸಂಪಾದಕನು ನಮ್ಮವರಿಗಿಂತ ಭಾಗ್ಯಶಾಲಿ.

ಈಗಿನ ಡ್ರೈವುಗಳಲ್ಲಿರುವ ಪರೀಕ್ಷೆಗಳು ಇದಕ್ಕಿಂತ ಬಹಳ ಪ್ರಬಲವಾದವು. ಆದರೆ ಪರೀಕ್ಷೆಯು ಬರೆಹದೊಡನೆ ಸುಮ್ಮನೆ ಇದ್ದರೆ ಸಾಲದು. ತಿದ್ದಬಹುದಾದ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಬಂದು ಸೇರುವುದಕ್ಕೆ ಮುಂಚೆ ಯಾರಾದರೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ಅಂತರಿಕ್ಷನೌಕೆಗಳ ಸ್ಮೃತಿಕೋಶಗಳಲ್ಲಿ ಈ ಕಾರ್ಯವು ಗೊತ್ತಾದ ಕಾಲಕ್ಕೆ ಬಿಡದೆ ನಡೆಯುತ್ತಿರುತ್ತದೆ.

೬

ಎರಡನೆಯ ಹೊಸ ಶತ್ರುವು ಸೂಚಿಯ ಕೇಡು. ೨೦೦೪ರ ಜನವರಿಯಲ್ಲಿ ಮಂಗಳಗ್ರಹದ ಮೇಲಿಳಿದ ಸ್ಪಿರಿಟ್ ಎಂಬ ಸಂಚಾರಯಂತ್ರದಲ್ಲಿ ೨೫೬ ಮೆಗಾಬೈಟಿನ ಫ್ಲ್ಯಾಶ್ ಇತ್ತು. ಇಳಿದ ಮೂರನೆಯ ವಾರದಲ್ಲಿ ಅದು ಮಾತನಾಡುವುದನ್ನು ನಿಲ್ಲಿಸಿತು. ವಿಚಾರಿಸಿದಲ್ಲಿ, ಅದು ಎಚ್ಚರಗೊಳ್ಳುವುದು, ಫ್ಲ್ಯಾಶ್‌ನಲ್ಲಿರುವ ಕಡತಗಳ ಪಟ್ಟಿಯನ್ನು ಓದಲು ಹೋಗಿ ಸೋಲುವುದು, ಮತ್ತೆ ಮೊದಲಿನಿಂದ ಎಚ್ಚರಗೊಳ್ಳುವುದು, ಹೀಗೆ ಅರುವತ್ತಕ್ಕೂ ಹೆಚ್ಚು ಸಲ ಮಾಡಿತ್ತೆಂದು ತಿಳಿದುಬಂತು. ಏಳು ತಿಂಗಳ ಪ್ರಯಾಣದಲ್ಲಿ ಶೇಖರವಾದ ಕಡತಗಳನ್ನು ತೆಗೆದುಹಾಕಿರಲಿಲ್ಲ. ಅವುಗಳ ಪಟ್ಟಿಯು, ಅದನ್ನು ಬಿಡಿಸಿಟ್ಟುಕೊಂಡು ಓದಲು ಯಂತ್ರಕ್ಕಿದ್ದ ಸ್ಥಳಕ್ಕಿಂತ ದೊಡ್ಡದಾಗಿ ಬೆಳೆದಿತ್ತು. ಫ್ಲ್ಯಾಶ್ ಎಂಬ ದ್ರವ್ಯವು ಎಳ್ಳಷ್ಟೂ ಕೆಟ್ಟಿರಲಿಲ್ಲ. ಫ್ಲ್ಯಾಶನ್ನು ನೋಡದೆಯೇ ಎಚ್ಚರಗೊಳ್ಳಬೇಕೆಂದು ಭೂಮಿಯಿಂದ ಆಜ್ಞೆಮಾಡಿ, ಫೆಬ್ರವರಿಯಲ್ಲಿ ಕೋಶವನ್ನು ಒರಸಿ ಹೊಸದಾಗಿ ಅಣಿಗೊಳಿಸಿದ ಮೇಲೆ ಸ್ಪಿರಿಟ್ ೨೦೧೦ರವರೆಗೂ ಕೆಲಸಮಾಡಿತು. ದೊಡ್ಡ ಭಂಡಾರಗಳಲ್ಲಿ ಗ್ರಂಥವಿದ್ದೂ ಸೂಚಿಯಿಲ್ಲದೆ ಇಲ್ಲದಂತಾಗುವುದನ್ನು ಕಂಡವರಿಗೆ ಇದು ಹೊಸ ಸಂಗತಿಯೆಂದು ತೋರಲಾರದು.

ಅದರ ಜೊತೆಗಾರನಾದ ಆಪರ್ಚುನಿಟಿಯು ಇನ್ನೂ ದೀರ್ಘಾಯುವಾಗಿತ್ತು. ಅದಕ್ಕೆ ಬಂದುದು ಮುಪ್ಪು. ೨೦೧೪ರಲ್ಲಿ ಅದರ ಫ್ಲ್ಯಾಶ್‌ನ ಏಳು ವಿಭಾಗಗಳಲ್ಲಿ ಏಳನೆಯದು ಕೆಟ್ಟಿತು. ಬರೆದುದು ನಿಲ್ಲದೆ ಯಂತ್ರಕ್ಕೆ ಆಗಾಗ್ಗೆ ವಿಸ್ಮೃತಿಯುಂಟಾಗುತ್ತಿತ್ತು. ಕಡೆಗೆ ಫ್ಲ್ಯಾಶ್‌ನ ಹಂಗನ್ನು ಬಿಟ್ಟು, ಎಚ್ಚರವಿರುವಷ್ಟು ಹೊತ್ತು ಮಾತ್ರ ನಿಲ್ಲುವ ಸ್ಮೃತಿಯಲ್ಲಿ ಆಯಾ ದಿನದ ವೃತ್ತಾಂತವನ್ನು ಬರೆದು, ಮಲಗುವುದಕ್ಕೆ ಮುಂಚೆ ಕಳುಹಿಸಿಬಿಡುವ ಪದ್ಧತಿಯನ್ನು ಹಿಡಿದರು. ೨೦೧೮ರ ಜೂನಿನ ಧೂಳಿಯ ಬಿರುಗಾಳಿಯವರೆಗೆ ಆ ಯಂತ್ರವು ನಡೆಯಿತು. ಇನ್ನೊಂದು ಸಂಚಾರಯಂತ್ರವಾದ ಕ್ಯೂರಿಯಾಸಿಟಿಗೆ ೨೦೧೩ರ ಫೆಬ್ರವರಿಯಲ್ಲಿ ಸ್ಮೃತಿದೋಷವು ಬಂದಾಗ ಅದನ್ನು ಉಳಿಸಿದುದು ಜೊತೆಯಲ್ಲಿ ಒಯ್ದಿದ್ದ ಎರಡನೆಯ ಗಣಕಯಂತ್ರ. ಇವುಗಳಲ್ಲಿ ಒಂದರಲ್ಲಿಯೂ ದ್ರವ್ಯವೊಂದೇ ಬರೆಹವನ್ನು ಕಾಯಲಿಲ್ಲ.

೭

ಇಲ್ಲಿ ಒಂದು ಆಕ್ಷೇಪವು ಬರಬಹುದು. ಯಾರ ಆರೈಕೆಯೂ ಇಲ್ಲದೆ, ಬೆಂಕಿಯಲ್ಲಿಯೂ ಸಮುದ್ರದಲ್ಲಿಯೂ ಬಿದ್ದು ಉಳಿದ ಸ್ಮೃತಿಕೋಶಗಳು ಇಲ್ಲವೆ? ಉಂಟು. ವಿಮಾನಗಳ ದುರಂತಲೇಖನಿಗಳು ಈ ವರ್ಗಕ್ಕೆ ಸೇರಿದುವು. ಆಸ್ಟ್ರೇಲಿಯದ ಡೇವಿಡ್ ವಾರನ್ ೧೯೫೦ರ ದಶಕದಲ್ಲಿ ಕಾಮೆಟ್ ವಿಮಾನಗಳ ಅಪಘಾತಗಳ ವಿಚಾರಣೆಯಲ್ಲಿ ಪಾಲ್ಗೊಂಡು, ಸತ್ತವರ ಕೊನೆಯ ಮಾತುಗಳನ್ನು ಕೇಳುವಂತಿದ್ದರೆ ಕಾರಣವು ತಿಳಿಯುತ್ತಿತ್ತೆಂದು ಎಣಿಸಿ, ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಬರೆಯುವ ಮಾದರಿಯೊಂದನ್ನು ಮಾಡಿದನು. ತಂತಿಯ ತರುವಾಯ ಟೇಪು, ಟೇಪಿನ ತರುವಾಯ ಫ್ಲ್ಯಾಶ್ ಬಂದುವು. ೨೦೦೩ರ ನಿಯಮಾವಳಿಯಂತೆ ಇಂಥ ಕೋಶವು ಭೂಮಿಯ ಗುರುತ್ವದ ೩,೪೦೦ ಮಡಿ ಆಘಾತವನ್ನೂ, ೧,೧೦೦ ಡಿಗ್ರಿಯ ಬೆಂಕಿಯನ್ನು ಒಂದು ಗಂಟೆಯ ಕಾಲವೂ, ೬,೦೦೦ ಮೀಟರ್ ಆಳದ ಸಮುದ್ರವನ್ನು ೩೦ ದಿನಗಳ ಕಾಲವೂ ತಡೆಯಬೇಕು.

೨೦೦೯ರ ಜೂನ್ ೧ರಂದು ೨೨೮ ಜನರೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದ ಏರ್ ಫ್ರಾನ್ಸ್ ೪೪೭ ವಿಮಾನದ ಕೋಶವು ೨೦೧೧ರ ಮೇ ತಿಂಗಳಲ್ಲಿ ಸುಮಾರು ೩,೯೦೦ ಮೀಟರ್ ಆಳದಿಂದ ದೊರೆಯಿತು. ಮೂವತ್ತು ದಿನಗಳಿಗೆಂದು ಪರೀಕ್ಷಿಸಿದ್ದುದು ಇಪ್ಪತ್ತಮೂರು ತಿಂಗಳು ನೀರಿನಲ್ಲಿತ್ತು. ಪ್ಯಾರಿಸಿನ ಬಳಿಯ ಪ್ರಯೋಗಶಾಲೆಯಲ್ಲಿ ಅದನ್ನು ತೊಳೆದು ಒಣಗಿಸಿ ನೋಡಿದಾಗ ಬರೆಹವು ಪೂರ್ಣವಾಗಿ ಓದಲು ಬಂತು. ಮಂಗಳೂರಿನಲ್ಲಿ ೨೦೧೦ರ ಮೇ ೨೨ರಂದು ನಡೆದ ದುರಂತವನ್ನು ನಾವು ಮರೆಯುವಂತಿಲ್ಲ. ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ೧೫೮ ಜನರು ಮಡಿದರು, ಎಂಟು ಜನರು ಉಳಿದರು. ಸುಟ್ಟ ಅವಶೇಷಗಳ ನಡುವೆ ಸಿಕ್ಕಿದ ಲೇಖನಿಗಳನ್ನು ಅಮೆರಿಕದ ಸಾರಿಗೆ ಸುರಕ್ಷಾ ಮಂಡಲಿಯ ನೆರವಿನಿಂದ ಓದಿದರು. ಧ್ವನಿಯ ಲೇಖನಿಯಲ್ಲಿ ೨ ಗಂಟೆ ೫ ನಿಮಿಷಗಳ ದಾಖಲೆಯಿತ್ತು. ಅದರಲ್ಲಿ ಮೊದಲ ೧ ಗಂಟೆ ೪೦ ನಿಮಿಷಗಳ ಕಾಲ ಪೈಲಟರಿಬ್ಬರ ನಡುವೆ ಮಾತುಕತೆಯೇ ಇರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮೇಲೇರಬೇಕೆಂದು ಸಹಪೈಲಟರು ಹೇಳಿದ ಮಾತುಗಳು ಕೊನೆಯ ಭಾಗದಲ್ಲಿದ್ದುವು. ಆ ಮಾತಿನಂತೆ ಆ ಮೌನವೂ ವಿಚಾರಣೆಗೆ ಸಾಕ್ಷ್ಯವಾಯಿತು. ಮಡಿದವರ ಮನೆಯವರಿಗೆ ಕಾರಣವು ತಿಳಿಯುವುದು ಇಂಥ ಒಂದು ಕೋಶದಿಂದ ಎಂಬುದನ್ನು ನೆನೆದರೆ ಈ ವಿಷಯದ ಗೌರವವು ಮನಸ್ಸಿಗೆ ನಾಟುತ್ತದೆ.

ಈ ನಿದರ್ಶನಗಳಿಂದ ದ್ರವ್ಯದ ಶಕ್ತಿಯು ಸಿದ್ಧವಾಗುತ್ತದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಕೋಶಗಳ ಸುತ್ತಲೂ ಉಕ್ಕಿನ ಕವಚವಿತ್ತು. ಆಳವಾದ ಸಮುದ್ರವು ತಣ್ಣಗಿತ್ತು. ಹುಡುಕುವವರು ಎರಡು ವರ್ಷಗಳೊಳಗೆ ಬಂದರು. ಎರಡು ವರ್ಷ ಉಳಿಯುವುದು ಒಂದು ಮಾತು, ಇನ್ನೂರು ವರ್ಷ ಉಳಿಯುವುದು ಇನ್ನೊಂದು ಮಾತು.

೮

ಇದರಿಂದ ಮೂರನೆಯ ಶತ್ರುವಿನ ಪ್ರಸ್ತಾಪಕ್ಕೆ ಬರುತ್ತೇವೆ; ಅದು ಕಾಲ. ಫ್ಲ್ಯಾಶ್ ಕೋಶದಲ್ಲಿ ಕೂಡಿಹಾಕಿದ ಎಲೆಕ್ಟ್ರಾನುಗಳು ಎಷ್ಟೇ ಕಾವಲಿದ್ದರೂ ಒಂದೊಂದಾಗಿ ಸೋರುತ್ತವೆ. ಪೊರೆಯು ಸವೆದಷ್ಟೂ ಸೋರಿಕೆಯು ಹೆಚ್ಚು. ಸೆಖೆಯು ಹೆಚ್ಚಾದಷ್ಟೂ ಇನ್ನೂ ಹೆಚ್ಚು. ಜೆಡೆಕ್ ಎಂಬ ಸಂಸ್ಥೆಯು ೨೦೧೦ರಲ್ಲಿ ಹೊರಡಿಸಿದ ನಿಯಮದಂತೆ, ಸಾಮಾನ್ಯ ಬಳಕೆಯ ಡ್ರೈವು ತನಗೆ ಗೊತ್ತುಮಾಡಿದಷ್ಟು ಬರೆಸಿಕೊಂಡು ದಣಿದ ಮೇಲೆ, ವಿದ್ಯುತ್ತಿಲ್ಲದೆ ೩೦ ಡಿಗ್ರಿಯಲ್ಲಿ ಒಂದು ವರ್ಷ ಬರೆಹವನ್ನು ಹಿಡಿದರೆ ಸಾಕು. ದೊಡ್ಡ ಕಚೇರಿಗಳ ಡ್ರೈವು ೪೦ ಡಿಗ್ರಿಯಲ್ಲಿ ಮೂರು ತಿಂಗಳು ಹಿಡಿದರೆ ಸಾಕು. ಹೊಸ ಡ್ರೈವುಗಳು ಇದಕ್ಕಿಂತ ಬಹುಕಾಲ ತಡೆಯುತ್ತವೆ. ಆದರೂ ಕಡಪದ ಬೇಸಿಗೆಯನ್ನೋ ರಾಯಚೂರಿನ ಬೇಸಿಗೆಯನ್ನೋ ಬಲ್ಲವರು ಈ ಅಂಕಿಗಳನ್ನು ಅಲಕ್ಷ್ಯಮಾಡಲಾರರು. ಸಿಡಿಲನ್ನೂ ಸಮುದ್ರವನ್ನೂ ಜಯಿಸಬಲ್ಲ ಈ ಜಾತಿಯ ಕೋಶವು ಬೀರುವಿನಲ್ಲಿ ಸುಮ್ಮನೆ ಬಿದ್ದಿರುವುದನ್ನು ಮಾತ್ರ ಸಹಿಸದು.

ಇಂದು ನಮ್ಮ ವಿದ್ಯಾಸಂಸ್ಥೆಗಳೂ ಮಠಗಳೂ ಮನೆತನಗಳೂ ತಮ್ಮ ಓಲೆಗರಿಗಳ ಚಿತ್ರಗಳನ್ನು ತೆಗೆಸಿ ಡ್ರೈವುಗಳಲ್ಲಿ ಇರಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಚಿತ್ರಗಳಾದ ಮೇಲೆ ಕೆಲಸವು ಮುಗಿಯಿತೆಂದು ಡ್ರೈವನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕುವ ಪದ್ಧತಿಯು ಅಪಾಯಕರವಾದುದು. ಓಲೆಯ ಕಟ್ಟೊಂದನ್ನು ಅಟ್ಟದ ಮೇಲೆ ಮರೆತರೆ ನೂರು ವರ್ಷಗಳ ಮೇಲೆ ಗೆದ್ದಲು ತಿಂದು ಬಿಟ್ಟ ಗರಿಗಳನ್ನಾದರೂ ಓದಬಹುದು. ಮರೆತ ಡ್ರೈವಿನಲ್ಲಿ ಅಷ್ಟೂ ಸಿಕ್ಕದೆ ಹೋಗಬಹುದು. ಆದುದರಿಂದ ಮೇಲಿನ ಚರಿತ್ರೆಯಿಂದ ನಾಲ್ಕು ಕರ್ತವ್ಯಗಳು ನಮಗೆ ಏರ್ಪಡುತ್ತವೆ. ಒಂದು ಪ್ರತಿಯನ್ನು ಎಂದಿಗೂ ನಂಬಬಾರದು; ಬೇರೆ ಬೇರೆ ಜಾತಿಯ ದ್ರವ್ಯಗಳಲ್ಲಿ, ಬೇರೆ ಬೇರೆ ಊರುಗಳಲ್ಲಿ ಪ್ರತಿಗಳಿರಬೇಕು. ಪ್ರತಿಯೊಂದು ಕಡತಕ್ಕೂ ಪರೀಕ್ಷೆಯ ಅಂಕವನ್ನು ಬರೆದಿಟ್ಟುಕೊಂಡು ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ಓದಿ ತಾಳೆನೋಡಬೇಕು. ಕೆಲವು ವರ್ಷಗಳಿಗೊಮ್ಮೆ ಹೊಸ ಕೋಶಕ್ಕೆ ಪ್ರತಿಮಾಡಬೇಕು. ಸೂಚಿಯನ್ನು ಕೋಶದ ಹೊರಗೆ, ಸಾಧ್ಯವಾದರೆ ಕಾಗದದ ಮೇಲೆಯೂ ಇಡಬೇಕು.

ಇವುಗಳಲ್ಲಿ ಯಾವುದೂ ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಓಲೆಯು ಶಿಥಿಲವಾಗುವುದಕ್ಕೆ ಮೊದಲೇ ಲಿಪಿಕಾರನನ್ನು ಕೂರಿಸಿ ಪ್ರತಿಮಾಡಿಸುತ್ತಿದ್ದುದರಿಂದಲೇ ಹಳಗನ್ನಡದ ಕಾವ್ಯಗಳು ನಮ್ಮವರೆಗೆ ಬಂದಿವೆ; ಪಂಪನ ಕೈಬರೆಹವೊಂದೂ ಉಳಿದಿಲ್ಲ, ಪಂಪನ ಕಾವ್ಯಗಳು ಉಳಿದಿವೆ. ದ್ರವ್ಯವು ಹೊಸದಾಯಿತೆಂದು ಈ ಧರ್ಮವು ಲೋಪವಾಗದು. ಭಂಡಾರಗಳ ವಾರ್ಷಿಕ ಲೆಕ್ಕಪತ್ರಗಳಲ್ಲಿ ಡ್ರೈವಿನ ಕ್ರಯಕ್ಕೆ ಒಂದು ಸಾಲಿರುವಂತೆ ಪ್ರತಿಮಾಡುವ ವೆಚ್ಚಕ್ಕೂ ಒಂದು ಸಾಲನ್ನು ಸೇರಿಸುವುದು ಅವಶ್ಯವೆಂದು ಅಧ್ಯಕ್ಷರಿಗೂ ಕಾರ್ಯದರ್ಶಿಗಳಿಗೂ ವಿಜ್ಞಾಪಿಸಿಕೊಳ್ಳುತ್ತೇನೆ.